ಕಚ್ಕೊಂಡ ಹಿತ್ತಾಳಿ

ಇಲ್ಲೆ ಒಂದಕ್ಷರ ಬರದು ಐದು ತಿಂಗಳಾತು. ಸಣ್ಣ ಮಗಳ ಬಾಣಂತನಕ್ಕ ಅಮೇರಿಕಾಕ್ಕ ಹೋಗಿದ್ದೆ, ನಿಮಗೆಲ್ಲಾ ಗೊತ್ತಿದ್ದದ್ದಾ. ಮಲ್ಲಸಮುದ್ರಕ್ಕ ತಿರುಗಿ ಬಂದು ಎಂಟು ದಿನ ಆತು. ಮನಿಗೆ ಬಂದವರೆಲ್ಲಾ ಒಂದಾ ಮಾತು ಕೇಳ್ತಾರ, "ಅಮೇರಿಕಾದಾಗ ಏನೇನ್ ನೋಡಿದಿ?" ಅಂತ. ನಾ ನಯಾಗರಾನೂ ನೋಡಿಲ್ಲ, ನ್ಯೂಯಾರ್ಕೂ ನೋಡಿಲ್ಲ. ಟೆಕ್ಸಾಸಿನಾಗ ಡಲ್ಲಾಸ್ ಹತ್ರದ ಒಂದು ಮನ್ಯಾಗ ಅಡಗಿಮನಿ ನೋಡೀನಿ, ಕೂಸಿನ ತೊಟ್ಟಿಲು ನೋಡೀನಿ, ಮತ್ತ ನಮ್ಮ ಅಳ್ಯಾರ ಗ್ಯಾರೇಜು ನೋಡೀನಿ. ಆ ಗ್ಯಾರೇಜಿನ ಕತಿನಾ ಇವತ್ತು ಹೇಳ್ತೀನಿ. ಸಣ್ಣ ಕೂಸು ಇದ್ದ ಮನಿಯವರು ಕಡೀತನಕ ಓದ್ರಿ.

ನಮ್ಮ ಅಳ್ಯಾರು ಒಳ್ಳೆಯವರು. ಕಂಪ್ಯೂಟರ್ ಕೆಲಸ, ಸಿಟ್ಟಿಲ್ಲ, ಶೆಡವಿಲ್ಲ. ಆದ್ರ ಹೋದ ಮೂರನೇ ದಿನಕ್ಕ ಗ್ಯಾರೇಜಿನ ಬಾಗಲಾ ತಗದು ನೋಡ್ತೀನಿ, ಗ್ವಾಡಿಗೆ ಹಚ್ಚಿ ಒಂದು ದೊಡ್ಡ ಕಬ್ಬಿಣದ ಕಪಾಟು. ಮಗಳನ್ನ ಕೇಳಿದ್ರ, "ಅದರಾಗ ಅವರ ರೈಫಲ್ ಐತಬೇ" ಅಂದ್ಲು, ಸಕ್ಕರಿ ಡಬ್ಬಿ ಐತಿ ಅಂದಂಗ. ನನಗ ಎದಿ ಧಸಕ್ ಅಂತು. ಬಾಣಂತಿ ಇದ್ದ ಮನಿ, ಎಳೀ ಕೂಸು, ಅಂಥಾದ್ರಾಗ ಬಂದೂಕು!

ನಾ ಬಂದೂಕು ನೋಡದಾಕಿ ಏನಲ್ಲ. ನಮ್ಮ ತವರಮನ್ಯಾಗ ಕಾಕಾಗ ಲೈಸನ್ಸಿನ ಒಂದು ಒಂಟಿ ನಳಿಗಿ ಬಂದೂಕು ಇತ್ತು. ಕಪ್ಪತಗುಡ್ಡದ ಕಡಿಂದ ಹಂದಿ ಇಳದು ಶೇಂಗಾ ಕೆದರತಿದ್ವು, ಅವನ್ನ ಬೆದರಸಾಕ ಅಂತ. ಒಂದು ಮಳಿಗಾಲದಾಗ ಅದರೊಳಗ ಕಾಡತೂಸು ಸಿಕ್ಕೊಂಡಬಿಡ್ತು. ಆಗಿನ ಕಾಡತೂಸು ಕಾಗದದ್ದು, ಥಂಡಿಗೆ ಉಬ್ಬತಿದ್ವು. ಮುಂದ ಹೋಗವಲ್ಲದು, ಹಿಂದ ಬರವಲ್ಲದು, ಒಳಗ ಮದ್ದು ಹಂಗಾ ಐತಿ. ಓಣಿ ಹುಡುಗರು ಕಬ್ಬಿಣದ ಸಳಿ ತಂದ್ರು, ಚುಚ್ಚೋಣು ಅಂತ. ಕಾಕಾ ಒಬ್ಬರನ್ನೂ ಮುಟ್ಟಗೊಡಲಿಲ್ಲ. ನಳಿಗಿ ಬಾಯಿ ಯಾರ ಕಡೀಗೂ ಇರಲಾರದಂಗ ಹಿಡಕೊಂಡು ಬಂಡ್ಯಾಗ ಒಬ್ಬನಾ ಗದಗಿಗೆ ಹೋಗಿ ಬಂದೂಕು ರಿಪೇರಿಯವರ ಕಡೆ ತಗಸಿಕೊಂಡು ಬಂದ. ಅಂವ ಬರೋತನಕ ನಮ್ಮವ್ವ, ಕಾಕು, ನಾವು ಹುಡುಗ್ಯಾರು ಕಟ್ಟಿ ಮ್ಯಾಲ ಕುಂತಾವರು ಎದ್ದಿಲ್ಲ. ಆ ಸಂಜಿ ನನ್ನ ಮೈಯಾಗ ಇನ್ನೂ ಐತ್ರೀ. ಅದಕ್ಕ ಅಳ್ಯಾರ ಕಪಾಟು ಕಂಡಾಗಿಂದ ನಾ ಅವರ ಜೋಡಿ ಬಿಗಿಯಾಗೇ ಇದ್ದೆ. ಊಟಕ್ಕ ಬರ್ರಿ, ಚಾ ತಗೋರಿ, ಅಷ್ಟಾ ಮಾತು. ಅವರಿಗೂ ತಿಳೀತಿತ್ತು. "ಅತ್ತೀರಿ, ನಾ ಪ್ರಾಣಿ ಹೊಡ್ಯಂಗಿಲ್ರೀ, ಹಾಳಿಗೆ ಗುರಿ ಇಡ್ತೀನಿ" ಅಂದ್ರು. ಐದನೂರು ಅರನೂರು ಗಜ ದೂರ ಒಂದು ಹಾಳಿ ಕಟ್ಟಿ, ಐದು ಗುಂಡು ಹೊಡದ್ರ ಐದೂ ಒಂದು ಅಂಗೈಯಷ್ಟು ಜಾಗಾದಾಗ ಬೀಳಬೇಕಂತ. ಅದಕ್ಕ ಪ್ರಿಸಿಷನ್ ರೈಫಲ್ ಅಂತಾರಂತ. ನಾ "ಹೂಂ" ಅಂದು ಒಳಗ ಹೋದೆ.

ಅಂಗಡ್ಯಾಗಿನ ಕಾಡತೂಸು ಒಂದು ಇನ್ನೊಂದರಂಗ ಕೂದಲೆಳಿಯಷ್ಟೂ ಫರಕಿಲ್ಲದಂಗ ಇರಂಗಿಲ್ಲ ಅಂತ ಅಳ್ಯಾರು ತಮ್ಮವನ್ನ ತಾವಾ ತುಂಬಕೋತಾರ. ಅಲ್ಲೆ ಟೆಕ್ಸಾಸಿನಾಗ ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ನಮ್ಮ ದೇಶದಾಗ ಹಂಗಲ್ಲ ನೋಡ್ರಿ, 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸನ್ಸ್ ಇಲ್ಲದ ಕಾಡತೂಸು ತಯಾರ ಮಾಡೋದು ಅಪರಾಧ. ಇದನ್ನ ಓದಿ ಯಾರರ ಮನಿ ಹುಡುಗರು ಹುಮ್ಮಸ್ಸು ಮಾಡಬಾರದು ಅಂತ ಮೊದಲಾ ಹೇಳಿಬಿಡ್ತೀನಿ.

ಕಾಡತೂಸು ಅಂದ್ರ ನಾಕು ಸಾಮಾನಿನ ಅಡಗಿ ಇದ್ದಂಗ್ರಿ. ಹೊರಗ ಒಂದು ಹಿತ್ತಾಳಿ ಕೊಳವಿ, ಅದಕ್ಕ ಕೇಸ್ ಅಂತಾರ. ಅದರ ಬುಡದಾಗ ನಮ್ಮ ದೀಪಾವಳಿ ಕೇಪಿನಂಥಾ ಒಂದು ಸಣ್ಣ ಬಿಲ್ಲಿ, ಅದು ಪ್ರೈಮರ್. ಒಳಗ ಮದ್ದು. ಬಾಯಿಗೆ ಗುಂಡು. ಅಳ್ಯಾರದು 6.5 ಕ್ರೀಡ್‌ಮೋರ್ ಅನ್ನೋ ನಮೂನಿ, 2007ರಾಗ ಬಂದದ್ದು. ಕೇಸು 49 ಮಿಲಿಮೀಟರ್ ಉದ್ದ, ಬುಡ 12 ಮಿಲಿಮೀಟರ್ ದಪ್ಪ, ನಮ್ಮ ನಡು ಬೆರಳು ಇದ್ದಂಗ. ನೂರರಾಗ 70 ಪಾಲು ತಾಮ್ರ, 30 ಪಾಲು ಸತು. ನಮ್ಮ ಕೊಡ, ಗಂಗಾಳದ ಹಿತ್ತಾಳಿ ಜಾತಿನಾ. ಮದ್ದು ತೂಗೋದು ನೋಡಿದ್ರ ಬಂಗಾರದ ಪತ್ತಾರರೂ ನಾಚಬೇಕು. ಗ್ರೇನ್ ಅನ್ನೋ ತೂಕದಾಗ ಹತ್ತನೇ ಒಂದು ಪಾಲು ತನಕ ನೋಡ್ತಾರ. ನಮ್ಮ ಒಂದು ಗುಂಜಿಯಾಗ ಅಂಥಾವು ಹದಿನೆಂಟು ಆಗತಾವ.

ಗುಂಡು ಹೊಡದಾಗ ಒಳಗ ಹುಟ್ಟಿದ ಬಿಸಿ ಗಾಳಿ ಒತ್ತಿ ಹಿತ್ತಾಳಿ ಉಬ್ಬತೈತಿ, ನಳಿಗಿ ಗ್ವಾಡಿಗೆ ಹತ್ತಿಕೊಂತೈತಿ. ಆಮ್ಯಾಲ ಸ್ವಲ್ಪ ಕುಗ್ಗತೈತಿ, ಆದ್ರ ಮೊದಲಿನಷ್ಟು ಸಣ್ಣ ಆಗಂಗಿಲ್ಲ. ಕೇಸು ಬಿಸಾಕಂಗಿಲ್ಲ, ತುಟ್ಟಿ ಇರತಾವ. ಆರಿಸಿಕೊಂಡು ಬಂದು, ಡೈ ಅನ್ನೋ ಉಕ್ಕಿನ ಅಚ್ಚಿನಾಗ ತುರುಕಿ ಒತ್ತಿ ಮೊದಲಿನ ಅಳತಿಗೆ ತರತಾರ. ಅದಕ್ಕ ಒಂದು ಪ್ರೆಸ್ಸು, ನಮ್ಮ ಶ್ಯಾವಿಗಿ ಮಿಷನ್ನಿಗೆ ಇದ್ದಂಗ ಉದ್ದನ್ನ ಹಿಡಕಿ. ಹಿಡಕಿ ಕೆಳಗ ಒತ್ತಿದ್ರ ಕೇಸು ಮ್ಯಾಲ ಹೋಗಿ ಡೈಯಾಗ ಹೊಗತೈತಿ, ಹಿಡಕಿ ಎತ್ತಿದ್ರ ಹೊರಗ ಬರತೈತಿ. ಒಳಗಿರೋ ಒಂದು ಸಳಿ ಸುಟ್ಟ ಪ್ರೈಮರನ್ನ ಟಪ್ ಅಂತ ಕೆಳಗ ಉದುರಸತೈತಿ.

ಇಷ್ಟು ಬಿಗಿಯಾಗಿ ಹಿತ್ತಾಳಿ ಉಕ್ಕಿನಾಗ ಹೊಕ್ಕು ಬರಬೇಕಂದ್ರ ನಡುವ ಜಿಡ್ಡು ಬೇಕಾ ಬೇಕು. ಬಂಡಿ ಗಾಲಿಗೆ ಕೀಲೆಣ್ಣಿ ಹಾಕಲಾರದ ಹೊಂಟ್ರ ಏನಾಗತೈತಿ ನಮಗೆಲ್ಲಾ ಗೊತ್ತೈತಿ. ಇವರು ಹಾಕೋ ಜಿಡ್ಡು ಯಾವುದು ಗೊತ್ತೇನ್ರೀ? ಲ್ಯಾನೋಲಿನ್ ಅಂತ, ಕುರಿ ಉಣ್ಣಿಯಾಗಿನ ಮೇಣದಂಥಾ ಜಿಡ್ಡು! ಅದನ್ನ ಸ್ಪಿರಿಟಿನಾಗ ಕರಗಿಸಿ ಬಾಟಲಿಗೆ ತುಂಬಿ, ಕೇಸಿನ ಮ್ಯಾಲ ಸಿಂಪಡಸತಾರ. ನಾಕೈದು ನಿಮಿಷ ಬಿಟ್ರ ಸ್ಪಿರಿಟ್ ಹಾರಿ ಹೋಗಿ ಜಿಡ್ಡಷ್ಟಾ ಉಳೀತೈತಿ. ಬಾಟಲಿ ಮೂಸಿ ನೋಡಿದೆ. ನಮ್ಮ ಹೊಲದಾಗ ಗೊಬ್ಬರಕ್ಕ ಅಂತ ರಾತ್ರಿ ಕುರಿಹಿಂಡು ನಿಲ್ಲಸತಿದ್ರಲ್ಲಾ, ಹೊಸಾ ಕಂಬಳಿ ಮಳ್ಯಾಗ ತೊಯ್ದಾಗ ಬರತಿತ್ತಲ್ಲಾ, ಅದರ ನೆಳ್ಳಿನಂಥಾ ವಾಸನಿ. ಆ ಊರಾಗ ನನಗ ಗುರ್ತು ಸಿಕ್ಕ ಮೊದಲನೇ ವಾಸನಿ ಅದು.

ಕೂಸಿಗೆ ಎರಡು ತಿಂಗಳು ತುಂಬಿದ ಮ್ಯಾಲ ಒಂದು ಶನಿವಾರ ಸಂಜಿಮುಂದ ಗ್ಯಾರೇಜಿನಿಂದ ಡಬ್ ಡಬ್ ಸಪ್ಪಳ. ನಾ ಚಾ ತಗೊಂಡು ಹೋದೆ. ಅಳ್ಯಾರು ಬೆವತು ನಿಂತಾರ. "ಅತ್ತೀರಿ, ಕಚ್ಕೊಂಡಬಿಟ್ಟೈತ್ರೀ." ಏನಾಗಿತ್ತಂದ್ರ, ಮೂವತ್ತು ಕೇಸಿಗೆ ಜಿಡ್ಡು ಸಿಂಪಡಸಾಕತ್ತಿದ್ದರು. ನಡುವ ಕೂಸು ಅತ್ತಿತು, ಒಳಗ ಬಂದು ಎತ್ತಿಕೊಂಡ್ರು. ತಿರುಗಿ ಹೋಗೂತ್ಲೆ ಯಾವುಕ್ಕ ಸಿಂಪಡಿಸೀನಿ, ಯಾವುಕ್ಕ ಇಲ್ಲ ಅನ್ನೋದು ಮರತು ಹೋತು. ಒಂದು ಒಣಾ ಕೇಸು ಡೈಯಾಗ ಹೊಕ್ಕೈತಿ. ಅರ್ಧಕ್ಕ ಬಿಗಿ ಆತು. ಬಿಗಿ ಆತು ಅಂತ ಕೈಗೆ ತಿಳೀತು, ಆದ್ರೂ "ಇನ್ನೊಂದಿಷ್ಟು" ಅಂತ ಒತ್ತಿದ್ರು. ಪೂರಾ ಹೋತು, ಮತ್ತ ಬರಲಿಲ್ಲ. ಜೋರ್ ಮಾಡಿ ಹಿಡಕಿ ಎಳದ್ರ ಕೇಸಿನ ಬುಡದ ಅಂಚಾ ಕಿತ್ತು ಬಂತು. ಈಗ ಹಿಡೀಲಿಕ್ಕೆ ಏನೂ ಉಳಿದಿಲ್ಲ.

ಯಾಕ ಹಿಂಗಂದ್ರ, ಒಣಾ ಹಿತ್ತಾಳಿ ಉಕ್ಕಿಗೆ ತಿಕ್ಕಿದಾಗ ಹಿತ್ತಾಳಿ ಕೆರಕೊಂಡು ಉಕ್ಕಿಗೆ ಮೆತ್ತತೈತಿ. ಮೆತ್ತಿದಷ್ಟೂ ಬಿಗಿ, ಬಿಗಿ ಆದಷ್ಟೂ ಮೆತ್ತೋದು. ಜೋರು ಮಾಡಿದ್ರ ಬಿಡೋ ಜಾತಿ ಅಲ್ಲ ಅದು. ಇದನ್ನ ಕೇಳಿದ ಕೂಡ್ಲೆ ನನ್ನ ಬಾಯಿಗೆ ನಮ್ಮ ಅಡಗಿಮನಿ ಔಷಧ ಬಂತು. "ಬಿಸಿನೀರು ಹಾಕ್ರಿ. ಎರಡು ಗ್ಲಾಸು ಒಂದರಾಗೊಂದು ಕಚ್ಕೊಂಡ್ರ ನಾವು ಹೊರಗಿಂದಕ್ಕ ಬಿಸಿನೀರು, ಒಳಗಿಂದಕ್ಕ ತಣ್ಣೀರು ಹಾಕಿ ಬಿಡಸ್ತೀವಿ." ಅಳ್ಯಾರು ನಕ್ಕು ಅಂದ್ರು, "ಇಲ್ಲೆ ಅದು ಉಲ್ಟಾ ಆಗತೈತ್ರೀ. ಕಾಯಿಸಿದ್ರ ಹಿತ್ತಾಳಿ ಉಕ್ಕಿಗಿಂತ ಹೆಚ್ಚು ಹಿಗ್ಗತೈತಿ. ಹಿತ್ತಾಳಿ ಒಳಗ ಐತಿ, ಅಂದ್ರ ಇನ್ನೂ ಬಿಗಿ ಆಗತೈತಿ." ಹಂಗಾರ ತಂಪು ಮಾಡ್ರಿ ಅಂದೆ. ಅದಕ್ಕ ಒಪ್ಪಿದ್ರು. ಡೈ ಬಿಚ್ಚಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ, ಗ್ಯಾರೇಜಿನಾಗಿದ್ದ ಹಳೇ ಫ್ರಿಜ್ಜಿನ ಫ್ರೀಜರಿನಾಗ ಒಂದು ತಾಸು ಇಟ್ರು. ಹಿತ್ತಾಳಿ ಕುಗ್ಗಿರಬೇಕು, ಆದ್ರ ಮೆತ್ತಿದ್ದು ಬಿಡಲಿಲ್ಲ. ಕೆಲವು ಮಂದಿಗೆ ಹಂಗ ಬಿಟ್ಟದ್ದೂ ಐತಂತ, ನಮಗ ಬಿಡಲಿಲ್ಲ.

ಆಗ ಅಳ್ಯಾರು ಸುತಗಿ ತಗೊಂಡ್ರು. ನನಗ ಕಾಕಾ ನೆನಪಾದ. "ಬ್ಯಾಡ್ರಿ. ಕೈಯಾಗಿಂದು ಕೆಳಗ ಇಡ್ರಿ. ಇವತ್ತಿಗೆ ಸಾಕು" ಅಂದೆ. ನನ್ನ ದನಿ ಸ್ವಲ್ಪ ಜೋರಾ ಆತು. ಅವರು ಸುತಗಿ ಇಟ್ರು. ಆದ್ರ ಕೆಲಸ ಬಿಡಾಕ ಮನಸಿಲ್ಲ, ಇನ್ನೊಂದು ಡೈ ಇತ್ತು, ಉಳಿದ ಕೇಸರ ಮಾಡೋಣು ಅಂತ ಬಾಟಲಿ ನೋಡಿದ್ರ ಜಿಡ್ಡು ಖಾಲಿ. ತಟ್ಟನ ಏನೋ ನೆನಪಾದವರಂಗ ಒಳಗ ಹೋದ್ರು. ನಾ ಚಾದ ಕಪ್ಪು ತಗೊಂಡು ಹಿಂದಿಂದ ಹೋದೆ.

ಈಗ ಕೇಳ್ರಿ. ನಮ್ಮ ಮಗಳಿಗೆ ಕೂಸಿಗೆ ಹಾಲು ಕುಡಸಿ ಕುಡಸಿ ಎದಿ ತೊಟ್ಟು ಒಡದಿದ್ವು. ನಾವಾದ್ರ ಬೆಣ್ಣಿ ತುಪ್ಪ ಹಚ್ಚತಿದ್ವಿ, ಅಲ್ಲೆ ಒಂದು ಟ್ಯೂಬು ಕೊಟ್ಟಿದ್ರು. ಅದೂ ಲ್ಯಾನೋಲಿನ್ನಾ! ಅದಾ ಕುರಿ ಉಣ್ಣಿ ಜಿಡ್ಡು, ಶುದ್ಧ ಮಾಡಿದ್ದು. ಒರಸಲಾರದ ಕೂಸಿಗೆ ಹಾಲು ಕುಡಸಬಹುದು ಅಂತ ಅದರ ಮ್ಯಾಲ ಬರದಿತ್ತು. ತೊಟ್ಟಿಲ ಹತ್ರ ಸಣ್ಣ ಮೇಜಿನ ಮ್ಯಾಲ ಇರತಿತ್ತು. ಅಳ್ಯಾರು ಸೀದಾ ಅದಕ್ಕ ಕೈ ಹಾಕಿದ್ರು. ಮುಚ್ಚಳಾ ತಿರುವ್ಯಾಕ ಬೆರಳು ಇಟ್ಟಾಗ ಆ ಬೆರಳು ನೋಡಿದೆ. ಕರೀ ಮಸಿ. ಸುಟ್ಟ ಪ್ರೈಮರಿನ ಮಸಿ.

ನಾ ಹೋಗಿ ಅವರ ಮುಂಗೈ ಹಿಡದೆ. ಜೀವನದಾಗ ಅಳಿಯನ ಕೈ ಹಿಂಗ ಹಿಡದಾಕಿ ಅಲ್ಲ ನಾ. "ಮುಟ್ಟಬ್ಯಾಡ್ರಿ!" ಅಂದೆ. ಮಲಗಿದ್ದ ಮಗಳು ಎದ್ದು ಕುಂತ್ಲು. ಕೂಸು ಬೆಚ್ಚಿತು.

ಯಾಕ ಹಿಡದೆ ಹೇಳ್ತೀನಿ. ಒಂದು ವಾರದ ಹಿಂದ ಕೂಸಿನ ಡಾಕ್ಟರ್ ಕಡೆ ಹೋದಾಗ ಒಂದು ಹಾಳಿ ತುಂಬಾಕ ಕೊಟ್ಟಿದ್ರು. ಮಗಳು ನನಗ ಕನ್ನಡದಾಗ ಓದಿ ಹೇಳತಿದ್ಲು. ಮನಿ ಹಳೇದೇನು, ಬಣ್ಣ ಉದರತೈತೇನು, ಮನ್ಯಾಗ ಯಾರರ ಸೀಸದ ಕೆಲಸ ಮಾಡ್ತಾರೇನು, ಬ್ಯಾಟರಿ, ಗಡಗಿಗೆ ಬಣ್ಣ, ಗುಂಡು ಹೊಡೆಯೋದು, ಗುಂಡು ತುಂಬೋದು? ಕೂಸಿಗೆ ಸುರ್ಮಾ, ಕಾಡಿಗಿ ಹಚ್ಚತೀರೇನು? ಮಗಳು ಎಲ್ಲಾದಕ್ಕೂ "ಇಲ್ಲ, ಇಲ್ಲ" ಅಂತ ಗೀಟು ಎಳದ್ಲು. ಗಡಿಬಿಡಿ, ಕೂಸು ಅಳಾಕತ್ತಿತ್ತು, ಗಂಡನ ಶನಿವಾರದ ಹವ್ಯಾಸ ಆ ಹಾಳಿಗೆ ಸಂಬಂಧಪಟ್ಟದ್ದು ಅಂತ ಅಕಿಗೆ ಹೊಳೀಲೇ ಇಲ್ಲ. ನನಗೂ ಹೊಳೀಲಿಲ್ಲ. ಆ ಕರೀ ಬೆರಳು ನೋಡಿದಾಗ ಹೊಳೀತು.

ಪ್ರೈಮರಿನಾಗ ಸೀಸದ ಸ್ಟಿಫ್ನೇಟ್ ಅನ್ನೋದು ಇರತೈತಿ, ಸುಟ್ಟ ಮ್ಯಾಲ ಸೀಸ ಮಸಿಯಾಗಿ ಕೇಸಿನ ಒಳಗ ಕುಂತಿರತೈತಿ. ಗುಂಡಿನ ಹೊಟ್ಟ್ಯಾಗೂ ಸೀಸಾನಾ. ಕೇಸು ತಿಕ್ಕಿ ಹೊಳಪು ಮಾಡಾಕ ಗೋವಿನಜೋಳದ ದಿಂಡಿನ ಪುಡಿಯಾಗ ಹಾಕಿ ಗರಗರ ತಿರುಗಸ್ತಾರ, ಆ ಧೂಳಿನಾಗೂ ಅದಾ. ದೊಡ್ಡವರ ಹೊಟ್ಟಿಗೆ ಹೋದ ಸೀಸಕ್ಕಿಂತ ಸಣ್ಣ ಮಕ್ಕಳ ಮೈ ನಾಕೈದು ಪಟ್ಟು ಹೆಚ್ಚು ಹೀರಿಕೊಂತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳ್ತಾರ. ಇಷ್ಟರತನಕ ಇದ್ರ ಚಿಂತಿಲ್ಲ ಅನ್ನೋ ಅಳತಿನಾ ಇಲ್ಲ. ಅದು ಬೆಳೆಯೋ ಮಿದುಳಿಗೆ ಬಡೀತೈತಿ. ಜ್ವರ ಇಲ್ಲ, ವಾಂತಿ ಇಲ್ಲ, ಯಾವ ತಾಯಿಗೂ ಗೊತ್ತಾಗಂಗಿಲ್ಲ. ಮುಂದ ಸಾಲ್ಯಾಗ ಹುಡುಗ ಹಿಂದ ಬಿದ್ದಾಗ "ದಡ್ಡ" ಅಂತಾರ ಅಷ್ಟಾ. ಅಂಥಾ ಬೆರಳು ಆ ಟ್ಯೂಬಿಗೆ ಹತ್ತಿದ್ರ, ಟ್ಯೂಬಿಂದ ತಾಯಿ ಎದಿಗೆ, ಎದಿಯಿಂದ ಕೂಸಿನ ಬಾಯಿಗೆ.

ಅಳ್ಯಾರು ಎರಡು ನಿಮಿಷ ಮಾತಾಡಲಿಲ್ಲ. ಮುಖ ಸಣ್ಣದಾತು. "ನಾ ದಿನಾ ಕೈ ತೊಳೀತಿದ್ದೆ, ಅತ್ತೀರಿ... ಆದ್ರ ಕೂಸು ಅತ್ತಾಗ ಹಂಗಾ ಓಡಿ ಬಂದು ಎತ್ತಿಕೊಂಡೀನಿ ಇವತ್ತು" ಅಂದ್ರು. ಆಮ್ಯಾಲ ಕೂತು ಅತ್ತಬಿಟ್ರು. ನನ್ನ ಸಿಟ್ಟೆಲ್ಲಾ ಎಲ್ಲಿ ಹೋತೋ. ನನ್ನ ತಪ್ಪೂ ಇತ್ತಲ್ರೀ, ನಾನಾ ಅಲ್ಲೇನ್ ಚಾ, ಚಕ್ಕಲಿ ಆ ಮೇಜಿಗೇ ಒಯ್ದು ಕೊಡತಿದ್ದಾಕಿ? ಅದಾ ಕೈಲೆ ತಿನ್ನತಿದ್ರು.

ಅವತ್ತು ರಾತ್ರಿ ನಾ ಇನ್ನೊಂದು ಕೆಲಸ ಮಾಡಿದೆ. ನನ್ನ ಬ್ಯಾಗಿನ ತಳದಾಗ ಊರಿಂದ ಒಯ್ದಿದ್ದ ಒಂದು ಸುರ್ಮಾ ಡಬ್ಬಿ ಇತ್ತು. ಡಾಕ್ಟರ ಹಾಳಿಯಾಗ ಬ್ಯಾಡ ಅಂತ ಇದ್ರೂ, "ನಾವೆಲ್ಲಾ ಹಚ್ಚಿಕೊಂಡಾ ಬೆಳದೀವಿ" ಅಂತ ಮನಸಿನಾಗ ಅಂದುಕೊಂಡು ಮುಚ್ಚಿ ಇಟ್ಟಿದ್ದೆ. ಮಗಳು ನಿದ್ದಿ ಮಾಡಿದಾಗ ಎರಡು ಸಲ ಕೂಸಿನ ಕಣ್ಣಿಗೆ ಹಚ್ಚೀನಿ ಕೂಡ, ಬೆಳಿಗ್ಗೆ ಏಳೋದ್ರಾಗ ಒರಸೀನಿ. ಅಂಗಡಿ ಸುರ್ಮಾದಾಗ ಬಹಳ ಸಲ ಸೀಸದ ಅದಿರಾ ಅರದಿರತಾರ. ಅಳ್ಯಾರ ಮುಂದ ಆ ಡಬ್ಬಿ ತಂದು ಇಟ್ಟೆ. "ನೀವೊಬ್ಬರಾ ಅಲ್ರೀ" ಅಂದೆ. ಮಗಳು ನನ್ನನ್ನ ನೋಡಿದ ನೋಟ ಬ್ಯಾಡ್ರಿ. ಬೈಯ್ಯಲಿಲ್ಲ. ಬೈದಿದ್ರ ಚೊಲೋ ಇತ್ತು.

ಸೋಮವಾರ ಡಾಕ್ಟರಿಗೆ ಫೋನ್ ಮಾಡಿ ಎರಡೂ ಹೇಳಿದ್ವಿ, ಗುಂಡಿನದೂ ಸುರ್ಮಾದ್ದೂ. ಅವರು ಬಯ್ಯಲಿಲ್ಲ, "ಹೇಳಿದ್ದು ಒಳ್ಳೇದಾತು" ಅಂದು ಕೂಸಿನ ರಕ್ತ ಪರೀಕ್ಷಾ ಮಾಡಸ್ರಿ ಅಂದ್ರು. ಅಷ್ಟು ಸಣ್ಣ ಕಾಲಿಗೆ ಸೂಜಿ ಚುಚ್ಚಿದಾಗ ನಾ ಹೊರಗ ಹೋಗಿ ನಿಂತೆ. ಅಲ್ಲೆ 2021ರಿಂದ ಒಂದು ಡೆಸಿಲೀಟರ್ ರಕ್ತದಾಗ 3.5 ಮೈಕ್ರೋಗ್ರಾಮಿಗೆ ಮುಟ್ಟಿದ್ರ ಡಾಕ್ಟರು ಬೆನ್ನು ಹತ್ತತಾರ. ವರದಿ ಬರೋತನಕ ಮೂರು ದಿನ. ಆ ಮೂರು ದಿನ ಮನ್ಯಾಗ ಯಾರಿಗೂ ತುತ್ತು ಇಳೀಲಿಲ್ಲ. ಮಗಳಿಗೆ ಅಂತ ಕಟ್ಟಿದ್ದ ಅಂಟಿನುಂಡಿ ಡಬ್ಬ್ಯಾಗ ಹಂಗಾ ಇದ್ವು. ನಾಕನೇ ದಿನ ವರದಿ ಬಂತು. ಆ ಗೆರಿಗಿಂತ ಬಹಳ ಕೆಳಗ ಇತ್ತು. ದೇವರ ಮುಂದ ದೀಪಾ ಹಚ್ಚಿದೆ.

ಕಚ್ಕೊಂಡ ಕೇಸಿಂದು ಏನಾತು ಅಂತೀರೇನು? ಅದನ್ನೂ ಹೇಳ್ತೀನಿ. ಅಳ್ಯಾರು ಬಂದೂಕು ಬಿಟ್ಟುಬಿಡ್ತೀನಿ ಅಂದ್ರು. ನಾ ಬಿಡ್ರಿ ಅನ್ನಲಿಲ್ಲ, ಮಾಡ್ರಿ ಅನ್ನಲಿಲ್ಲ. "ಮೊದಲು ಅದನ್ನ ಸರಿಯಾಗಿ ಬಿಡಸ್ರಿ. ಅರ್ಧಾ ಮಾಡಿ ಇಟ್ಟ ಕೆಲಸ ಮನ್ಯಾಗ ಇರಬಾರದು" ಅಂದೆ. ಇಂಥಾದ್ದಕ್ಕಂತನಾ ಒಂದು ಸಾಮಾನು ಸಿಗತೈತಿ, ಸ್ಟಕ್ ಕೇಸ್ ರಿಮೂವರ್ ಅಂತ. ಒಂದು ಡ್ರಿಲ್ ಬಿಟ್, ಒಂದು ಟ್ಯಾಪು, ಒಂದು ಟೊಪಗಿಯಂಥಾ ಕಬ್ಬಿಣದ ತುಂಡು, ಒಂದು ಬೋಲ್ಟು. ತರಿಸಿದ್ರು. ಕೈಗೆ ರಬ್ಬರ್ ಚೀಲ ಹಾಕ್ಕೊಂಡು ನಾನೂ ಪಕ್ಕಕ್ಕ ನಿಂತೆ.

ಮೊದಲು ನೋಡಿದ್ದು ಏನಂದ್ರ, ಕೇಸಿನಾಗ ಮದ್ದಿಲ್ಲ, ಪ್ರೈಮರ್ ಉದುರಿ ಹೋಗೈತಿ ಅಂತ. ಜೀವಂತ ಪ್ರೈಮರ್ ಇದ್ರ ಡ್ರಿಲ್ ಹಚ್ಚೋ ಮಾತಾ ಇಲ್ಲ. ಆಮ್ಯಾಲ ಡೈಯ ನೆತ್ತಿಯಿಂದ ಪ್ರೈಮರ್ ಉದುರಸೋ ಸಳಿಯನ್ನ ಎಷ್ಟು ಮ್ಯಾಲ ಬರತೈತೋ ಅಷ್ಟು ತಿರುವಿ ಎತ್ತಿದ್ರು, ಇಲ್ಲಂದ್ರ ಡ್ರಿಲ್ಲು ಅದಕ್ಕ ಬಡದು ಅದೂ ಹಾಳಾಗತೈತಿ. ಡೈಯನ್ನ ವೈಸಿನಾಗ ಬಿಗದು, ಪ್ರೈಮರ್ ಇದ್ದ ತೂತಿನ ಮ್ಯಾಲ ಐದು ಮಿಲಿಮೀಟರಿನಷ್ಟು ಡ್ರಿಲ್ ಹಾಕಿದ್ರು, ಬುಡ ದಾಟೋತನಕ ಅಷ್ಟಾ, ಆಳಕ್ಕ ಇಲ್ಲ. ಆ ತೂತಿಗೆ ಕಾಲಿಂಚಿನ ಟ್ಯಾಪು ತಿರುವಿ ಮರಿ ಮಾಡಿದ್ರು, ಸ್ಕ್ರೂ ಕೂರೋ ಸುರುಳಿ. ಅರ್ಧ ತಿರುವು ಮುಂದ, ಕಾಲು ತಿರುವು ಹಿಂದ, ಒಂದು ಹನಿ ಎಣ್ಣಿ. ಆಮ್ಯಾಲ ಟೊಪಗಿಯನ್ನ ಕೇಸಿನ ಬುಡದ ಮ್ಯಾಲ ಕೂಡ್ರಿಸಿ, ಅದರ ತೂತಿನಿಂದ ಬೋಲ್ಟ್ ಇಳಿಸಿ ಮರಿಗೆ ಕೂಡ್ರಿಸಿದ್ರು. ಬೋಲ್ಟ್ ತಿರುವಿದಂಗ ಟೊಪಗಿ ಡೈಗೆ ಆನಿಕೊಂತೈತಿ, ಕೇಸು ಮ್ಯಾಲ ಎಳಕೊಂತ ಬರತೈತಿ.

"ಅತ್ತೀರಿ, ನೀವು ತಿರುವ್ರಿ" ಅಂದ್ರು. ಪಾನಾ ನನ್ನ ಕೈಗೆ ಕೊಟ್ರು. ಬಿಗಿ ಇತ್ತು. ಒಂದು ತಿರುವು, ಎರಡು ತಿರುವು. ಕುಯ್ ಅಂತ ಸಣ್ಣ ಸಪ್ಪಳ. ಆಮ್ಯಾಲ ತಟಕ್ಕನ ಸಡಲ ಆತು, ಹಿತ್ತಾಳಿ ಹೊರಗ ಬಂತು. ಮೈಮ್ಯಾಲ ಉದ್ದಕ್ಕ ಗೀರು, ಬೆಕ್ಕು ಪರಚಿದಂಗ. ಅಳ್ಯಾರು ಡೈಯ ಒಳಗ ಟಾರ್ಚ್ ಹಿಡದು ನೋಡಿದ್ರು, ಮೆತ್ತಿದ್ದ ಹಿತ್ತಾಳಿ ಒರಸಿ ಒರಸಿ ತಗದ್ರು. ಸುತಗೀಲೆ ಬಡದಿದ್ರ ಡೈ ಹೋಗತಿತ್ತು, ಪ್ರೆಸ್ಸೂ ಹೋಗತಿತ್ತು ಅಂತ ಅವರಾ ಅಂದ್ರು.

ಅವತ್ತಿಂದ ಆ ಗ್ಯಾರೇಜಿಗೆ ಕಾಯ್ದೆ ಬಂದ್ವು. ಅಲ್ಲಿ ಚಾ ಇಲ್ಲ, ತಿನಸು ಇಲ್ಲ. ಅಲ್ಲಿ ಹಾಕ್ಕೊಳ್ಳೋ ಅಂಗಿ, ಚಪ್ಪಲಿ ಬ್ಯಾರೆ, ಕೂಸಿನ ಬಟ್ಟಿ ಜೋಡಿ ಒಗ್ಯಾಂಗಿಲ್ಲ. ಕೇಸು ಒಣಾ ಪುಡ್ಯಾಗ ತಿರುಗಸಂಗಿಲ್ಲ, ನೀರಿನಾಗ ತೊಳೀತಾರ, ಧೂಳು ಏಳಬಾರದು ಅಂತ. ಕಸಬರಗಿ ಹಾಕಂಗಿಲ್ಲ, ಹಸೀ ಅರಬೀಲೆ ಒರಸೋದು. ಕೆಲಸ ಮುಗದ ಮ್ಯಾಲ ಸಬಕಾರ ಹಚ್ಚಿ ಕೈ, ಮುಖ ತೊಳದು, ಅಂಗಿ ಬದಲಿಸಿನಾ ಒಳಗ ಬರಬೇಕು. ಮತ್ತ ಸಿಂಪಡಿಸಿದ ಕೇಸು ಒಂದು ತಟ್ಟ್ಯಾಗ, ಸಿಂಪಡಸಲಾರದ್ದು ಇನ್ನೊಂದು ತಟ್ಟ್ಯಾಗ. ನಾವು ಬೇಯಿಸಿದ ಶ್ಯಾವಿಗಿ, ಹಸೀ ಶ್ಯಾವಿಗಿ ಬ್ಯಾರೆ ಬ್ಯಾರೆ ಇಡ್ತೀವಲ್ಲಾ, ಹಂಗ. ಆ ಎರಡು ತಟ್ಟಿ ನಾನಾ ಕೊಟ್ಟು ಬಂದೀನಿ. ಜಿಡ್ಡು ಕಡಿಮಿ ಆದ್ರ ಕಚ್ಚತೈತಿ, ಹೆಚ್ಚಾದ್ರ ಕೇಸಿನ ಹೆಗಲಿಗೆ ತಗ್ಗು ಬೀಳತಾವಂತ. ನಮ್ಮ ಹೋಳಿಗಿ ಕಣಕದ ಎಣ್ಣಿಗೂ ಒಂದು ಹದ ಐತಲ್ಲ.

ನಾ ಇಷ್ಟು ಉದ್ದ ಬರದದ್ದು ಬಂದೂಕಿನ ಸಲುವಾಗಿ ಅಲ್ರೆವ್ವಾ. ನಮ್ಮ ಓಣ್ಯಾಗ ಬಂದೂಕು ಯಾರ ಮನ್ಯಾಗೂ ಇಲ್ಲ. ಆದ್ರ ಹಳೇ ಬ್ಯಾಟರಿ ಬಿಚ್ಚೋ ಗಂಡಸರು ಅದಾರ, ವೆಲ್ಡಿಂಗ್, ಬಣ್ಣದ ಕೆಲಸದವರು ಅದಾರ. ಸಂಜಿಗೆ ಬಂದವರಾ ಬಾಗಲದಾಗ ಕೂಸನ್ನ ಎತ್ತಿಕೊಂತಾರ, ನಾವೂ ನೋಡಿ ಖುಷಿ ಪಡ್ತೀವಿ. ಮೊದಲು ಕೈ ತೊಳಸ್ರಿ, ಅಂಗಿ ತಗಸ್ರಿ. ಅಂಗಡಿ ಸುರ್ಮಾ ಕೂಸಿಗೆ ಹಚ್ಚಬ್ಯಾಡ್ರಿ. ಅರಿಷಿಣ ಬಹಳಾ ಹಳದಿ ಹೊಳಿಯಾಕತ್ರ ಸಂಶಯ ಪಡ್ರಿ, ಬಣ್ಣಕ್ಕಂತ ಸೀಸದ ಕ್ರೋಮೇಟ್ ಬೆರಸಿದ್ದೂ ಸಿಕ್ಕೈತಿ. ಕೊಂಬು ತಂದು ಮನ್ಯಾಗ ಕುಟ್ಟಿಸ್ರಿ. ಮತ್ತ ಡಾಕ್ಟರ್ ಏನರ ಕೇಳಿದ್ರ ಗಡಿಬಿಡ್ಯಾಗ "ಇಲ್ಲ" ಅನಬ್ಯಾಡ್ರಿ.

ಬರೋ ಮುಂದ ಆ ಗೀರು ಬಿದ್ದ ಕೇಸು ನೆನಪಿಗೆ ಇಟಗೋತೀನಿ ಅಂದೆ. ಅಳ್ಯಾರು ಕೈ ಜೋಡಸಿದ್ರು. "ಬ್ಯಾಡ್ರಿ ಅತ್ತೀರಿ, ಖಾಲಿ ಕಾಡತೂಸು ಬ್ಯಾಗಿನಾಗ ಸಿಕ್ರೂ ವಿಮಾನ ನಿಲ್ದಾಣದಾಗ ಪೊಲೀಸರು ಕೂಡ್ರಸ್ತಾರ" ಅಂದ್ರು. ಅಲ್ಲೇ ಬಿಟ್ಟು ಬಂದೆ. ಪ್ರೆಸ್ಸಿನ ಮ್ಯಾಲ ಒಂದು ಮೊಳಿಗೆ ದಾರಾ ಕಟ್ಟಿ ಅದನ್ನ ತೂಗ ಬಿಟ್ಟಾರ.

ನಿನ್ನೆ ರಾತ್ರಿ ವಿಡಿಯೋ ಕಾಲ್ ಬಂದಿತ್ತು. ಅಲ್ಲೆ ಶನಿವಾರ ಬೆಳಿಗ್ಗೆ. ಪರದೆ ತುಂಬ ಮೊದಲು ಬಂದದ್ದು ಕೂಸಲ್ಲ, ಎರಡು ಅಂಗೈ, ಹಸೀ ಹಸೀ, ನೀರು ತೊಟ್ಟಿಕ್ಕಾಕತ್ತಾವ. "ತೊಳದೀನ್ರೀ ಅತ್ತೀರಿ, ಈಗ ಎತ್ತಿಕೊಳ್ಳಲೇನ್ರೀ?" ಅಂದ್ರು. ಎತ್ತಿಕೋರಿ ಅಂದೆ.